ನಾಯಿಗೆ ಮನೆಯಲ್ಲೇ ಬಿಸ್ಕತ್ತು: ರಾಗಿಯೋ, ಗೋಧಿಯೋ, ಗೆಣಸೋ, ಲಿವರೋ?

ಅಕ್ಕ ಶಿವಮೊಗ್ಗದಿಂದ ಫೋನ್ ಮಾಡಿದ್ದಳು. "ನಿನ್ನ ಕಾಳಿಗೆ ರಾಗಿ ಬಿಸ್ಕತ್ತು ಮಾಡ್ತೀಯಲ್ಲ, ನಮ್ಮ ಬ್ರೂನೋಗೂ ಅದನ್ನೇ ಮಾಡ್ಲಾ?" ಮಾಡು ಅಂತ ಅಳತೆ ಹೇಳಿದೆ. ಹತ್ತು ದಿನಕ್ಕೆ ಮತ್ತೆ ಫೋನ್. ಡಬ್ಬದಲ್ಲಿ ಬೂಷ್ಟು ಬಂದಿದೆಯಂತೆ. ಅಷ್ಟರಲ್ಲಿ ಬ್ರೂನೋ ಮುಕ್ಕಾಲು ಡಬ್ಬ ಖಾಲಿ ಮಾಡಿದ್ದನಂತೆ.

ತಪ್ಪು ನನ್ನದೇ. ನಾನಿರುವುದು ಮೈಸೂರಿನಲ್ಲಿ. ನನ್ನ ಕಾಳಿ ಬೀದಿಯಿಂದ ಬಂದವಳು, 16 ಕೆಜಿ, ದಿನವಿಡೀ ಓಡುತ್ತಾಳೆ. ಅಕ್ಕನ ಊರಿನಲ್ಲಿ ಅದು ಜುಲೈ ತಿಂಗಳು, ಉಪ್ಪಿನ ಡಬ್ಬದಲ್ಲೂ ನೀರು ಬಿಡುವ ಕಾಲ. ಬ್ರೂನೋ 34 ಕೆಜಿಯ ಲ್ಯಾಬ್ರಡಾರ್, ಸೋಫಾ ಬಿಟ್ಟು ಇಳಿಯುವವನಲ್ಲ. ಎರಡು ಮನೆ, ಎರಡು ನಾಯಿ, ಒಂದೇ ಅಳತೆ. ಹೇಗೆ ಸರಿಹೋದೀತು?

ಆಮೇಲೆ ಇನ್ನೂ ಇಬ್ಬರು ಕೇಳಿದರು. ಪಕ್ಕದ ಮನೆಯವರ ಹತ್ತಿರ ವಯಸ್ಸಾದ ಪಗ್ ಇದೆ, ಹಲ್ಲು ಅರ್ಧ ಹೋಗಿವೆ. ಆಫೀಸಿನ ಗೆಳತಿಯ ಮನೆಯಲ್ಲಿ ಮೊಟ್ಟೆಯೂ ಒಳಗೆ ಬರುವಂತಿಲ್ಲ, ಓವನ್ನೂ ಇಲ್ಲ. ಎಲ್ಲರಿಗೂ ಒಂದೊಂದು ರೆಸಿಪಿ ಹೇಳುವ ಬದಲು, ನಾನು ಮಾಡಿ ನೋಡಿದ ಐದು ಬಗೆಯನ್ನು ಪಕ್ಕಪಕ್ಕ ಇಟ್ಟು ತೂಗೋಣ ಅನಿಸಿತು.

ಮೊದಲು ಏನು ನೋಡಬೇಕು

ಮೊದಲ ಪ್ರಶ್ನೆ ರುಚಿಯದ್ದಲ್ಲ. ಯಾಕೆ ಕೊಡುತ್ತೀರಿ ಅನ್ನುವುದು. "ಕೂತ್ಕೋ", "ಬಾ" ಕಲಿಸುವುದಕ್ಕಾ? ಹಾಗಾದರೆ ಒಂದೇ ಗುಕ್ಕಿಗೆ ನುಂಗುವಷ್ಟು ಚಿಕ್ಕದು ಬೇಕು, ಘಮ್ಮೆನ್ನಬೇಕು. ನೀವು ಕೆಲಸದಲ್ಲಿರುವಾಗ ಚಪ್ಪಲಿ ಕಡಿಯದಿರಲಿ ಅಂತಲಾ? ಆಗ ಜಗಿಯುವಂಥದ್ದು ಬೇಕು. ಮಾತ್ರೆ ಅಡಗಿಸಿ ಕೊಡುವುದಕ್ಕಾ? ಮೆತ್ತಗಿರಬೇಕು. ಸುಮ್ನೆ ಪ್ರೀತಿಗಾ? ಯಾವುದಾದರೂ ಆದೀತು, ಲೆಕ್ಕ ಇರಲಿ.

ಆ ಲೆಕ್ಕವೇ ಎರಡನೆಯದು. ದಿನದ ಒಟ್ಟು ಕ್ಯಾಲರಿಯಲ್ಲಿ ಊಟದ ಹೊರಗೆ ಕೊಡುವ ಟ್ರೀಟ್‌ಗಳ ಪಾಲು ಶೇ. 10 ದಾಟಬಾರದು ಅನ್ನುವುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಮಾತು. 10 ಕೆಜಿಯ, ಸಂತಾನಹರಣ ಆಪರೇಷನ್ ಆದ, ಪೂರ್ತಿ ಬೆಳೆದ ನಾಯಿಗೆ ದಿನಕ್ಕೆ ಸುಮಾರು 630 ಕ್ಯಾಲರಿ ಸಾಕು. ಅಂದರೆ ಟ್ರೀಟ್ ಪಾಲು 60 ಚಿಲ್ಲರೆ. 16 ಕೆಜಿಯ ಕಾಳಿಗೆ 90ರ ಹತ್ತಿರ. 30 ಕೆಜಿಯ ನಾಯಿಗೆ 140ರ ಹತ್ತಿರ. ತೂಕ ಎರಡು ಪಟ್ಟಾದರೆ ಪಾಲು ಎರಡು ಪಟ್ಟಾಗುವುದಿಲ್ಲ ಅನ್ನುವುದನ್ನು ಗಮನಿಸಿ. ದೊಡ್ಡ ನಾಯಿ ಅಂತ ಕೈ ತುಂಬ ಕೊಡುವವರು ಎಡವುವುದು ಇಲ್ಲೇ. ವಯಸ್ಸಾಗಿದ್ದರೆ, ಸೋಮಾರಿಯಾಗಿದ್ದರೆ, ಈ ಲೆಕ್ಕದಿಂದಲೂ ಕಡಿಮೆ ಮಾಡಬೇಕು.

ಮೂರನೆಯದು ಹೊಟ್ಟೆ ಮತ್ತು ಹಲ್ಲು. ನಾಲ್ಕನೆಯದು ನಿಮ್ಮ ಅಡುಗೆಮನೆ: ಓವನ್ ಇದೆಯಾ, ಮೊಟ್ಟೆ ಮಾಂಸ ನಡೆಯುತ್ತಾ, ಊರಿನ ಹವೆ ಎಂಥದ್ದು. ದುಡ್ಡನ್ನು ನಾನು ಕೊನೆಗೆ ಇಡುತ್ತೇನೆ. ಯಾಕೆಂದರೆ ಈ ಐದರಲ್ಲಿ ಜೇಬಿಗೆ ಭಾರವಾಗುವಂಥದ್ದು ಒಂದೇ ಒಂದು.

ಹಾಕಲೇಬಾರದ್ದು

ನಮಗೆ ಒಳ್ಳೆಯದೆಂದು ಕಾಣುವ ಎಷ್ಟೋ ವಸ್ತು ನಾಯಿಗೆ ವಿಷ. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪು ಕಣಗಳನ್ನು ಹಾಳುಮಾಡುತ್ತವೆ. ಬೇಯಿಸಿದರೂ ಅಷ್ಟೇ, ಪುಡಿಯಾದರೂ ಅಷ್ಟೇ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಯನ್ನು ಕೆಡಿಸಬಲ್ಲವು. ಯಾವ ನಾಯಿಗೆ ಎಷ್ಟರಿಂದ ತೊಂದರೆ ಅಂತ ಮೊದಲೇ ಹೇಳಲಾಗುವುದಿಲ್ಲ, ಹಾಗಾಗಿ ಒಂದೂ ಬೇಡ. ಚಾಕಲೇಟ್, ಕೋಕೋ ಪುಡಿ ಬೇಡ. ಜಾಯಿಕಾಯಿ ಬೇಡ. ಯೀಸ್ಟ್ ಹಾಕಿದ ಹಸಿ ಹಿಟ್ಟು ಅಂತೂ ಕೈಗೆ ಸಿಗುವ ಜಾಗದಲ್ಲೂ ಇಡಬೇಡಿ, ಹೊಟ್ಟೆಯೊಳಗೆ ಉಬ್ಬುತ್ತದೆ.

ಪೀನಟ್ ಬಟರ್ ಕೊಳ್ಳುವಾಗ ಡಬ್ಬದ ಹಿಂದೆ ಓದಿ. ಸಕ್ಕರೆ ಇಲ್ಲ ಅಂತ ಬರೆದಿರುವ ಕೆಲವದರಲ್ಲಿ ಸಕ್ಕರೆಯ ಬದಲು ಸಿಹಿಗೆ ಹಾಕುವ ಝೈಲಿಟಾಲ್ ಇರುತ್ತದೆ. ಕೆಲವೊಮ್ಮೆ ಹೆಸರಿನ ಬದಲು ಐಎನ್‌ಎಸ್ 967 ಅಂತ ನಂಬರ್ ಮಾತ್ರ ಹಾಕಿರುತ್ತಾರೆ. ಅದು ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸುತ್ತದೆ, ಲಿವರ್‌ಗೂ ಕುತ್ತು ತರುತ್ತದೆ. ಚೂರೇ ಸಾಕು.

ಉಪ್ಪು, ಬೆಲ್ಲ, ತುಪ್ಪ ವಿಷವಲ್ಲ. ಆದರೆ ಬೇಡ. ನಮ್ಮ ಅಮ್ಮ ಇಂದಿಗೂ "ಒಂದು ಚೂರು ಬೆಲ್ಲ ಹಾಕೇ, ಪಾಪ, ಸಪ್ಪೆ ತಿನ್ನುತ್ತೆ" ಅನ್ನುತ್ತಾರೆ. ಸಪ್ಪೆ ಅನಿಸುವುದು ಅಮ್ಮನಿಗೆ, ಕಾಳಿಗಲ್ಲ. ನಾಯಿ ತಿನ್ನುವುದು ಮೂಗಿನಿಂದ. ಬೇಕಿಂಗ್ ಸೋಡಾ, ಬೇಕಿಂಗ್ ಪೌಡರ್ ಕೂಡ ಹಾಕಬೇಡಿ. ಬಿಸ್ಕತ್ತು ಉಬ್ಬಿ ಚೆಂದ ಕಾಣಬೇಕು ಅನ್ನುವುದು ನಮ್ಮ ಆಸೆ. ಮೂಳೆ ಆಕಾರದ ಅಚ್ಚು ಕೊಳ್ಳುವುದೂ ಅಷ್ಟೇ, ಫೋಟೋಗೆ.

ರಾಗಿ, ಮೊಟ್ಟೆ, ಸಿಹಿಗುಂಬಳ

ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ ನಾಯಿ ಬೆಳೆದದ್ದೇ ಮುದ್ದೆಯ ಮೇಲೆ. ಹಾಗಾಗಿ ರಾಗಿ ನಾಯಿಗೆ ಆಗುತ್ತಾ ಅನ್ನುವ ಅನುಮಾನ ಬೇಡ. ಮುದ್ದೆಯ ಜೊತೆ ಹಾಕುತ್ತಿದ್ದ ಸಾರಿನ ಬಗ್ಗೆ ಮಾತ್ರ ಅನುಮಾನ ಇರಲಿ, ಅದರಲ್ಲಿ ಈರುಳ್ಳಿ ಇರುತ್ತದೆ.

"ನಾಯಿ ಅಂದರೆ ತೋಳದ ಜಾತಿ, ಧಾನ್ಯ ಕೊಡಲೇಬಾರದು" ಅನ್ನುವ ಮಾತು ಈಗ ಜಾಸ್ತಿ ಕೇಳುತ್ತದೆ. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆಯೇ ಹೇಳಿತು. ಪಿಷ್ಟ ಅರಗಿಸುವ ಜೀನ್ ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಹೆಚ್ಚು ಪ್ರತಿಗಳಲ್ಲಿದೆ. ಮನುಷ್ಯನ ಜೊತೆ ಉಂಡುಂಡೇ ಅದು ಬೇರೆಯಾಗಿದೆ. 2018ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಧಾನ್ಯ ಬಿಟ್ಟು ಬಟಾಣಿ, ಬೇಳೆ, ಆಲೂಗೆಡ್ಡೆ ತುಂಬಿದ ನಾಯಿ ಆಹಾರಕ್ಕೂ ಹೃದಯದ ಒಂದು ಕಾಯಿಲೆಗೂ ನಂಟಿದೆಯಾ ಎಂದು ತನಿಖೆಯನ್ನೇ ಶುರುಮಾಡಿತು. ನಂಟು ಖಚಿತವಾಗಿಲ್ಲ, ನಿಜ. ಆದರೂ ಸುಮ್ನೆ ಫ್ಯಾಷನ್‌ಗೆ ಧಾನ್ಯ ಬಿಡುವ ಕಾರಣವಂತೂ ನನಗೆ ಕಾಣುವುದಿಲ್ಲ.

ನನ್ನ ಅಳತೆ: ರಾಗಿಹಿಟ್ಟು 150 ಗ್ರಾಂ, ಗೋಧಿಹಿಟ್ಟು 50 ಗ್ರಾಂ, ಬೇಯಿಸಿ ಹಿಸುಕಿದ ಸಿಹಿಗುಂಬಳ 100 ಗ್ರಾಂ, ಮೊಟ್ಟೆ ಒಂದು, ಎಣ್ಣೆ ಒಂದು ಚಮಚ. ಬೇಕಾದರೆ ಸ್ವಲ್ಪ ನೀರು. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಲಿ. ಬರೀ ರಾಗಿಯಲ್ಲಿ ಜಿಗುಟು ಇರುವುದಿಲ್ಲ, ಲಟ್ಟಿಸುವಾಗ ಒಡೆಯುತ್ತದೆ. ಅದಕ್ಕೇ ಆ 50 ಗ್ರಾಂ ಗೋಧಿ. ಗೋಧಿ ಆಗದ ನಾಯಿಯಾದರೆ ಗುಂಬಳ ಸ್ವಲ್ಪ ಜಾಸ್ತಿ ಹಾಕಿ, ಲಟ್ಟಣಿಗೆ ಬಿಟ್ಟು ಕೈಯಲ್ಲೇ ತಟ್ಟಿ.

ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಚಾಕುವಿನಲ್ಲಿ ಎರಡು ಸೆಂಟಿಮೀಟರ್ ಚೌಕಗಳಾಗಿ ಗೆರೆ ಹಾಕಿ. ಸುಮಾರು 150 ಚೂರು ಬರುತ್ತವೆ. ಓಟಿಜಿಯಲ್ಲಿ (ಮನೆಯ ಪುಟ್ಟ ಕರೆಂಟ್ ಓವನ್) 160 ಡಿಗ್ರಿಗೆ 30 ನಿಮಿಷ. ಆಫ್ ಮಾಡಿ, ಒಳಗೇ ಬಿಡಿ, ತಣ್ಣಗಾಗುವವರೆಗೆ. ಆ ಕೊನೆಯ ಹಂತವನ್ನೇ ನಾನು ಮೊದಲ ಸಲ ಬಿಟ್ಟಿದ್ದೆ. ಹೊರಗೆ ಗರಿಗರಿ, ಒಳಗೆ ಹಸಿ. ಎರಡನೇ ಸಲ ರೋಷಕ್ಕೆ ಬಿದ್ದು ಒಂದು ಗಂಟೆ ಬೇಯಿಸಿದೆ. ಕಲ್ಲಾಯಿತು. ಕಾಳಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಹಿತ್ತಲಲ್ಲಿ ಹೂತಳು.

ಒಂದು ಚೂರಿಗೆ ಸುಮಾರು 5 ಕ್ಯಾಲರಿ. ಅಂದರೆ ಕಾಳಿಗೆ ದಿನಕ್ಕೆ ಹೆಚ್ಚೆಂದರೆ 18. ಖರ್ಚು ನನ್ನ ಲೆಕ್ಕದಲ್ಲಿ ಕರೆಂಟ್ ಸೇರಿ ಮೂವತ್ತು ರೂಪಾಯಿ ಆಸುಪಾಸು. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಹತ್ತಿರ ಕ್ಯಾಲ್ಸಿಯಂ ಇದೆ ಎನ್ನುವುದು ನಿಜ, ಆದರೆ ದಿನಕ್ಕೆ ಹತ್ತು ಹದಿನೈದು ಚೂರಿನಲ್ಲಿ ಅದರ ಲಾಭ ಅಷ್ಟಕ್ಕಷ್ಟೇ. ಕ್ಯಾಲ್ಸಿಯಂಗಾಗಿ ಅಂತ ಜಾಸ್ತಿ ಕೊಡಬೇಡಿ.

ದೌರ್ಬಲ್ಯ? ಪರಿಮಳ ಕಡಿಮೆ. ಮನೆಯೊಳಗೆ ಖುಷಿಯಿಂದ ತಿನ್ನುವ ನಾಯಿ, ಪಾರ್ಕಿನಲ್ಲಿ ಇನ್ನೊಂದು ನಾಯಿ ಕಂಡಾಗ ರಾಗಿಗೆ ತಿರುಗಿಯೂ ನೋಡುವುದಿಲ್ಲ.

ಗೋಧಿ ಮತ್ತು ಪೀನಟ್ ಬಟರ್

ಇಂಗ್ಲಿಷ್ ವಿಡಿಯೋಗಳಲ್ಲೆಲ್ಲ ಕಾಣುವುದು ಇದೇ. ಗೋಧಿಹಿಟ್ಟು 200 ಗ್ರಾಂ, ಪೀನಟ್ ಬಟರ್ ನಾಲ್ಕು ದೊಡ್ಡ ಚಮಚ, ಮೊಟ್ಟೆ ಒಂದು, ನೀರು. ನಾದುವುದು ಸುಲಭ, ಒಡೆಯುವುದಿಲ್ಲ, ಓವನ್ನಿನಿಂದ ಬರುವ ಪರಿಮಳಕ್ಕೆ ಮನೆಯವರೂ ಬಂದು ಇಣುಕುತ್ತಾರೆ. ನಾಯಿಗಳಿಗೆ ಇಷ್ಟವಾಗುವುದರಲ್ಲಿ ರಾಗಿಗಿಂತ ಒಂದು ಮೆಟ್ಟಿಲು ಮೇಲೆ.

ಆದರೆ ಅದೇ ಅಳತೆಯ ಚೂರಿಗೆ 7 ಕ್ಯಾಲರಿ. ಎರಡೇ ಕ್ಯಾಲರಿ ವ್ಯತ್ಯಾಸ ಅಲ್ವಾ ಅನಿಸಬಹುದು. ಪಗ್‌ನಂಥ ಪುಟ್ಟ ನಾಯಿಗೆ ದಿನದ ಪಾಲೇ 50 ಇರುವಾಗ, ಹತ್ತು ಚೂರು ಏಳಾಗುತ್ತದೆ. ಕೊಬ್ಬು ಕೂಡ ಜಾಸ್ತಿ. ಒಮ್ಮೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಬಂದು ಹೋದ ನಾಯಿಗೆ ಇದು ಬೇಡವೇ ಬೇಡ.

ಖರ್ಚೂ ಪೀನಟ್ ಬಟರ್‌ನಿಂದಲೇ ಏರುವುದು. ಕಡಲೆಕಾಯಿ ಬೀಜ ಹುರಿದು ಸಿಪ್ಪೆ ತೆಗೆದು ಮಿಕ್ಸಿಯಲ್ಲಿ ಎಣ್ಣೆ ಬಿಡುವವರೆಗೆ ರುಬ್ಬಿದರೆ ಮನೆಯಲ್ಲೇ ಆಗುತ್ತದೆ, ಉಪ್ಪು ಸಕ್ಕರೆಯ ಭಯವೂ ಇಲ್ಲ. ಬೀಜ ಆರಿಸುವಾಗ ಮಾತ್ರ ಕಪ್ಪಾದ, ಸುಕ್ಕಾದ, ಬೂಷ್ಟು ವಾಸನೆಯ ಒಂದು ಬೀಜವನ್ನೂ ಬಿಡಬೇಡಿ. ಕಡಲೆಕಾಯಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ನಾಯಿಯ ಲಿವರ್ ಅದನ್ನು ತಡೆಯುವುದಿಲ್ಲ.

ಗೋಧಿ ಅಲರ್ಜಿಯ ಬಗ್ಗೆ ಎರಡು ಮಾತು. ನಾಯಿ ಮೈ ಕೆರೆದುಕೊಂಡರೆ ಎಲ್ಲರೂ ಮೊದಲು ಗೋಧಿಯನ್ನು ಬಯ್ಯುತ್ತಾರೆ. ನಾಯಿಗಳ ಆಹಾರ ಅಲರ್ಜಿಯ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2016ರ ಒಂದು ಪರಿಶೀಲನೆಯಲ್ಲಿ ಮೊದಲ ಸ್ಥಾನ ದನದ ಮಾಂಸಕ್ಕೆ, ಆಮೇಲೆ ಹಾಲಿನ ಪದಾರ್ಥ, ಆಮೇಲೆ ಕೋಳಿ, ಅದರ ನಂತರ ಗೋಧಿ. ನಿಮ್ಮ ನಾಯಿಗೆ ಆಗುತ್ತಿಲ್ಲ ಎಂದು ವೈದ್ಯರು ಹೇಳಿದರೆ ಬಿಡಿ. ಇಲ್ಲದಿದ್ದರೆ ಹೆದರಬೇಕಿಲ್ಲ.

ಓಟ್ಸ್ ಮತ್ತು ಬಾಳೆಹಣ್ಣು

ಇದನ್ನು ಬೇಗ ಮುಗಿಸುತ್ತೇನೆ. 150 ಗ್ರಾಂ ಓಟ್ಸ್ ಮಿಕ್ಸಿಗೆ ಹಾಕಿ, ಒಂದು ದೊಡ್ಡ ಪಚ್ಚಬಾಳೆ ಹಿಸುಕಿ ಕಲಸಿ, ಪುಟ್ಟ ಉಂಡೆ ಮಾಡಿ ಒತ್ತಿ, 20 ನಿಮಿಷ ಬೇಯಿಸಿ. ಮೊಟ್ಟೆ ಬೇಡ, ಎಣ್ಣೆ ಬೇಡ. ಮೆತ್ತಗೆ ಬರುತ್ತದೆ. ಹಲ್ಲಿಲ್ಲದ ಮುದಿ ನಾಯಿಗೆ, ಮಾತ್ರೆ ಅಡಗಿಸುವುದಕ್ಕೆ ಇದಕ್ಕಿಂತ ಒಳ್ಳೆಯದು ಈ ಪಟ್ಟಿಯಲ್ಲಿಲ್ಲ.

ಆದರೆ ಮೆತ್ತಗಿದೆ ಅಂದರೆ ತೇವ ಇದೆ ಅಂತ. ಹೊರಗೆ ಒಂದು ದಿನ, ಫ್ರಿಜ್‌ನಲ್ಲಿ ನಾಲ್ಕು ದಿನ, ಅಷ್ಟೇ. ಓಟ್ಸ್ ಬೆಲೆ ರಾಗಿಹಿಟ್ಟಿನ ಎರಡು ಮೂರು ಪಟ್ಟು. ಹಣ್ಣಿನ ಸಿಹಿಯಿಂದಾಗಿ ಸಕ್ಕರೆ ಕಾಯಿಲೆಯ ನಾಯಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಪ್ಯಾಕೆಟ್ ತರುವಾಗ ಮಸಾಲಾ ಓಟ್ಸ್ ಕೈಗೆ ಬಾರದಂತೆ ನೋಡಿಕೊಳ್ಳಿ, ಅದರಲ್ಲಿ ಈರುಳ್ಳಿ ಬೆಳ್ಳುಳ್ಳಿ ಎರಡೂ ಇರುತ್ತವೆ.

ಗೆಣಸಿನ ಪಟ್ಟಿ

ಇದಕ್ಕೆ ಹಿಟ್ಟೇ ಬೇಡ. ಬೇಕಾದ್ದು ಒಂದೇ ಒಂದು ಸಾಮಗ್ರಿ. ಗೆಣಸನ್ನು ತೊಳೆದು ಸಿಪ್ಪೆ ತೆಗೆದು, ಉದ್ದಕ್ಕೆ ಅರ್ಧ ಸೆಂಟಿಮೀಟರ್ ದಪ್ಪದ ಪಟ್ಟಿ ಕತ್ತರಿಸಿ, ಐದು ನಿಮಿಷ ಹಬೆಯಲ್ಲಿ ಇಟ್ಟು, ಓವನ್ನಿನಲ್ಲಿ 100 ಡಿಗ್ರಿಗೆ ಎರಡೂವರೆ ಮೂರು ಗಂಟೆ ಒಣಗಿಸಬೇಕು. ನಡುವೆ ಒಮ್ಮೆ ತಿರುವಿ. ಚರ್ಮದ ಹಾಗೆ ಬಾಗಿ, ಹರಿಯದೆ ಇದ್ದರೆ ಹದ ಬಂತು.

ಓವನ್ ಇಲ್ಲದವರಿಗೆ ನನ್ನ ಮೊದಲ ಸಲಹೆಯೂ ಇದೇ. ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಒಣಗಿಸುತ್ತೀರಲ್ಲ, ಅದೇ ಬಟ್ಟೆ, ಅದೇ ಬಿಸಿಲು, ಮೇಲೆ ಒಂದು ತೆಳು ಪರದೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ ಮೈಸೂರಿನಲ್ಲಿ ಎರಡು ಮೂರು ದಿನ ಸಾಕು. ರಾತ್ರಿ ಒಳಗೆ ತನ್ನಿ. ಕಲಬುರಗಿ, ರಾಯಚೂರಿನವರಿಗೆ ಇನ್ನೂ ಬೇಗ. ಕರಾವಳಿಯವರು ಈ ದಾರಿ ಹಿಡಿಯಬೇಡಿ, ಬಿಸಿಲಿದ್ದರೂ ಗಾಳಿಯಲ್ಲೇ ನೀರಿದೆ, ಒಣಗುವ ಮೊದಲೇ ಹುಳಿ ವಾಸನೆ ಬರುತ್ತದೆ. ಬಿಸಿಲಿನಲ್ಲಿ ಒಣಗಿಸುವುದು ಗೆಣಸಿಗೆ ಮಾತ್ರ. ಮಾಂಸಕ್ಕೆ ಬೇಡ.

ಗೆಣಸಿನ ಗುಣ ಜಗಿಯುವುದರಲ್ಲಿದೆ. ಒಂದು ಪಟ್ಟಿ ಕೊಟ್ಟರೆ ಕಾಳಿ ಐದು ನಿಮಿಷ ಸುಮ್ಮನೆ ಕೂರುತ್ತಾಳೆ. ಜೊತೆಗೆ ಪೂರ್ತಿ ಸಸ್ಯಾಹಾರ, ಮೊಟ್ಟೆ ಗೋಧಿ ಎರಡೂ ಇಲ್ಲ.

ಲೆಕ್ಕ ಮಾತ್ರ ಮೋಸ ಮಾಡುತ್ತದೆ. ಒಣಗಿ ತೆಳ್ಳಗಾದ ಪಟ್ಟಿ ನೋಡಿದರೆ ಏನೂ ಇಲ್ಲ ಅನಿಸುತ್ತದೆ. ಅದು 30 ಗ್ರಾಂ ಹಸಿ ಗೆಣಸು ಕುಗ್ಗಿ ಆದದ್ದು, ಸುಮಾರು 30 ಕ್ಯಾಲರಿ. 10 ಕೆಜಿ ನಾಯಿಗೆ ಎರಡು ಪಟ್ಟಿ ಕೊಟ್ಟರೆ ದಿನದ ಪಾಲು ಮುಗಿಯಿತು. ಮೂತ್ರದಲ್ಲಿ ಆಕ್ಸಲೇಟ್ ಕಲ್ಲು ಕಾಣಿಸಿಕೊಂಡ ನಾಯಿಗೆ ಗೆಣಸು ಸರಿಯಲ್ಲ. ಗುಳುಂ ಅಂತ ನುಂಗುವ ಸ್ವಭಾವದ ನಾಯಿಗೆ ಉದ್ದ ಪಟ್ಟಿ ಕೊಟ್ಟು ಎದ್ದು ಹೋಗಬೇಡಿ, ಗಂಟಲಿಗೆ ಸಿಕ್ಕಬಹುದು. ಬ್ರೂನೋಗೆ ಕೊಡುತ್ತಿದ್ದಾಗ ಅಕ್ಕ ಒಂದು ತುದಿ ಕೈಯಲ್ಲೇ ಹಿಡಿದು ಕೂರುತ್ತಿದ್ದಳು.

ಕೋಳಿ ಲಿವರ್

ನಾಯಿಗಳಿಗೆ ವೋಟು ಹಾಕುವ ಹಕ್ಕಿದ್ದರೆ ಗೆಲ್ಲುವುದು ಇದೇ, ಠೇವಣಿ ಉಳಿದವರದು ಹೋಗುತ್ತದೆ. ಕಾಲು ಕೆಜಿ ಲಿವರ್ ತೊಳೆದು, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ, ನೀರು ಬಸಿದು, ಬಟಾಣಿ ಗಾತ್ರಕ್ಕೆ ಕತ್ತರಿಸಿ, 120 ಡಿಗ್ರಿಗೆ ಒಂದು ಗಂಟೆ ಒಣಗಿಸಿ. ಮೊದಲು ಬೇಯಿಸುವುದನ್ನು ತಪ್ಪಿಸಬೇಡಿ. ಕೋಳಿ ಮಾಂಸದ ಒಳಭಾಗ 74 ಡಿಗ್ರಿ ಮುಟ್ಟಿದರೆ ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಸಾಯುತ್ತದೆ. ಹಸಿಯಾಗಿಯೇ ಕಡಿಮೆ ಶಾಖದಲ್ಲಿ ಒಣಗಿಸಿದರೆ ಮೇಲೆ ಒಣಗಿ ಒಳಗೆ ಅದು ಉಳಿಯಬಹುದು. ಲಿವರ್ ಮುಟ್ಟಿದ ಹಲಗೆ, ಚಾಕುಗಳನ್ನು ಮಕ್ಕಳ ಹಣ್ಣು ಕತ್ತರಿಸುವ ಮೊದಲು ಸೋಪು ಹಾಕಿ ತೊಳೆಯಿರಿ.

ಕಾಲು ಕೆಜಿಗೆ ಇನ್ನೂರು ಚೂರು ಆರಾಮಾಗಿ ಬರುತ್ತವೆ, ಒಂದಕ್ಕೆ ಒಂದೂವರೆ ಕ್ಯಾಲರಿ. ಟ್ರೇನಿಂಗ್‌ಗೆ ಇದಕ್ಕಿಂತ ಬೇರೆ ಬೇಕಿಲ್ಲ. ಹತ್ತು ಸಲ "ಬಾ" ಅಂದು ಹತ್ತು ಸಲ ಕೊಟ್ಟರೂ 15 ಕ್ಯಾಲರಿ ದಾಟುವುದಿಲ್ಲ. ಕಾಳಿಗೆ ರಸ್ತೆ ದಾಟುವ ಮೊದಲು ನಿಲ್ಲುವುದನ್ನು ಕಲಿಸಿದ್ದು ರಾಗಿ ಅಲ್ಲ, ಲಿವರ್.

ಹಾಗಂತ ದಿನಾ ಬೇಡ. ಲಿವರ್‌ನಲ್ಲಿ ವಿಟಮಿನ್ ಎ ತುಂಬಾ ಇದೆ, ತಿಂಗಳುಗಟ್ಟಲೆ ಜಾಸ್ತಿ ಕೊಟ್ಟರೆ ಮೈಯಲ್ಲಿ ಶೇಖರವಾಗಿ ಮೂಳೆಗೆ ತೊಂದರೆ. ವಾರಕ್ಕೆ ಎರಡು ಮೂರು ದಿನ, ದಿನಕ್ಕೆ ಹತ್ತು ಹದಿನೈದು ಚೂರು ಅಂತ ನಾನು ಇಟ್ಟುಕೊಂಡಿದ್ದೇನೆ. ಡಾಲ್ಮೇಷನ್ ಸಾಕಿದವರು ಲಿವರ್ ಬಿಟ್ಟುಬಿಡಿ, ಆ ತಳಿಗೆ ಹುಟ್ಟಿನಿಂದಲೇ ಮೂತ್ರದಲ್ಲಿ ಯೂರೇಟ್ ಕಲ್ಲಿನ ಕಾಟ.

ಇನ್ನು ವಾಸನೆ. ಮನೆಯಲ್ಲಿ ಎರಡು ದಿನ ಇರುತ್ತದೆ. ಕಿಟಕಿ ತೆಗೆದಿಟ್ಟೇ ಮಾಡಬೇಕು. ಸಸ್ಯಾಹಾರಿ ಓನರ್ ಕೆಳಗಡೆ ಇರುವ ಬಾಡಿಗೆ ಮನೆಯಲ್ಲಿ ಇದ್ದವರು ನನ್ನ ಮಾತು ಕೇಳಿ ಇದನ್ನು ಮಾಡಿ ಪಾಡುಪಡಬೇಡಿ.

ಓವನ್ ಇಲ್ಲದಿದ್ದರೆ

ರಾಗಿ ಬಿಸ್ಕತ್ತಿಗೆ ಓವನ್ ಬೇಕೇಬೇಕು ಅಂತೇನಿಲ್ಲ. ಅದೇ ಹಿಟ್ಟನ್ನು ಬಾಳೆಎಲೆಯ ಮೇಲೆ ರೊಟ್ಟಿ ತಟ್ಟಿದ ಹಾಗೆ ತೆಳ್ಳಗೆ ತಟ್ಟಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಬಿಸಿ ಇರುವಾಗಲೇ ಕತ್ತರಿಸಿ, ಚೂರುಗಳನ್ನು ಮತ್ತೆ ಕಾವಲಿಗೆ ಹರಡಿ, ತೀರಾ ಸಣ್ಣ ಉರಿಯಲ್ಲಿ ಆಗಾಗ ಕೈಯಾಡಿಸುತ್ತಾ ಇಪ್ಪತ್ತು ನಿಮಿಷ. ಗ್ಯಾಸ್ ಪಕ್ಕದಲ್ಲಿ ನಿಂತಿರಬೇಕು, ಅದೊಂದು ಕಷ್ಟ. ಓವನ್ನಿನಷ್ಟು ಒಣಗುವುದೂ ಇಲ್ಲ, ಹಾಗಾಗಿ ಫ್ರಿಜ್‌ನಲ್ಲಿಟ್ಟು ವಾರದಲ್ಲಿ ಮುಗಿಸಿ. ಮೊಟ್ಟೆ ಹಾಕದವರು ಮೊಟ್ಟೆಯ ಬದಲು ಎರಡು ಚಮಚ ಹುಳಿಯಿಲ್ಲದ ಮೊಸರು ಅಥವಾ ಇನ್ನೊಂದಿಷ್ಟು ಗುಂಬಳ ಹಾಕಿದರೆ ಸಾಕು. ಏರ್ ಫ್ರೈಯರ್ ಇರುವವರು ಓವನ್ ಅಳತೆಯಿಂದ 10 ಡಿಗ್ರಿ ಇಳಿಸಿ, ಹದಿನೈದನೇ ನಿಮಿಷದಿಂದಲೇ ನೋಡಲು ಶುರುಮಾಡಿ.

ಎಷ್ಟು ದಿನ ಇಡಬಹುದು

ಅಕ್ಕನ ಬೂಷ್ಟು ನನಗೆ ಕಲಿಸಿದ್ದು ಇಷ್ಟು. ರಾಗಿ, ಗೋಧಿ ಬಿಸ್ಕತ್ತು ಮುರಿದಾಗ ಟಕ್ ಅಂತ ಸದ್ದು ಬಂದರೆ ಮಾತ್ರ ಡಬ್ಬಕ್ಕೆ. ಬಾಗಿದರೆ ಇನ್ನೊಮ್ಮೆ ಓವನ್ನಿಗೆ. ಪೂರ್ತಿ ತಣ್ಣಗಾಗುವ ಮೊದಲು ಮುಚ್ಚಳ ಹಾಕಬಾರದು, ಒಳಗಿನ ಬಿಸಿಯೇ ನೀರಾಗುತ್ತದೆ. ಒಣ ಹವೆಯಲ್ಲಿ ಗಾಳಿಯಾಡದ ಡಬ್ಬದಲ್ಲಿ ಎರಡು ವಾರ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಹೊರಗೆ ಇಡುವ ಮಾತೇ ಬೇಡ, ಫ್ರಿಜ್‌ನಲ್ಲಿ ಒಂದು ವಾರ. ಲಿವರ್ ಎಲ್ಲಿದ್ದರೂ ಫ್ರಿಜ್‌ನಲ್ಲಿ ನಾಲ್ಕು ದಿನ, ಉಳಿದದ್ದು ಫ್ರೀಜರ್‌ಗೆ. ಫ್ರೀಜರ್‌ನಲ್ಲಿ ಎಲ್ಲವೂ ಎರಡು ತಿಂಗಳು ಇರುತ್ತವೆ. ಒಂದು ಚೂರಿಗೆ ಬೂಷ್ಟು ಕಂಡರೂ ಇಡೀ ಡಬ್ಬ ಕಸಕ್ಕೆ. ಅದನ್ನು ಆರಿಸಿ ಬೀದಿ ನಾಯಿಗೆ ಹಾಕಬೇಡಿ, ಅದಕ್ಕೂ ಲಿವರ್ ಇದೆ.

ಯಾರಿಗೆ ಯಾವುದು

ಒಂದೇ ಒಂದು ಮಾಡುತ್ತೇನೆ, ವಾರಕ್ಕೊಮ್ಮೆ, ಸುಲಭ ಇರಬೇಕು, ಅಗ್ಗ ಇರಬೇಕು ಅನ್ನುವವರು ಕಣ್ಣು ಮುಚ್ಚಿ ರಾಗಿಗೆ ಹೋಗಿ. ಮರಿ ತಂದಿದ್ದೀರಿ, ಕಲಿಸುವುದು ಬಹಳ ಇದೆ ಅಂದರೆ ಲಿವರ್, ಅದೂ ಮೂರು ತಿಂಗಳು ದಾಟಿದ ಮೇಲೆ, ಹೊಟ್ಟೆಗೆ ಒಗ್ಗಿದರೆ. ಮಾಂಸ ನಡೆಯದ ಮನೆಯಲ್ಲಿ ಮರಿಗೆ ಕಲಿಸಬೇಕಾದರೆ ಪೀನಟ್ ಬಟರ್ ಬಿಸ್ಕತ್ತನ್ನು ಮಾಮೂಲಿಯ ಕಾಲು ಭಾಗಕ್ಕೆ ಕತ್ತರಿಸಿ. ನಾಯಿ ಎಣಿಸುವುದು ಎಷ್ಟು ಸಲ ಸಿಕ್ಕಿತು ಅಂತ, ಎಷ್ಟು ದೊಡ್ಡದು ಅಂತ ಅಲ್ಲ. ಪಕ್ಕದ ಮನೆಯ ಪಗ್‌ಗೆ ಓಟ್ಸ್ ಬಾಳೆ. ಆಫೀಸಿನ ಗೆಳತಿಗೆ ಬೇಸಿಗೆಯಲ್ಲಿ ಗೆಣಸು, ಮಳೆಗಾಲದಲ್ಲಿ ಕಾವಲಿಯ ರಾಗಿ.

ಬ್ರೂನೋನಂಥ ದಪ್ಪ ನಾಯಿಗೆ? ಬೇಸರ ಮಾಡಿಕೊಳ್ಳಬೇಡಿ, ಐದರಲ್ಲಿ ಯಾವುದೂ ಬೇಡ. ಹಸಿ ಕ್ಯಾರೆಟ್, ಸೌತೆಕಾಯಿ, ಬೇಯಿಸಿದ ಹುರುಳಿಕಾಯಿ ಚೂರು. ಅಥವಾ ದಿನದ ಊಟದಿಂದಲೇ ಒಂದು ಹಿಡಿ ತೆಗೆದಿಟ್ಟು ಅದನ್ನೇ ಟ್ರೀಟ್ ಅಂತ ಕೊಡುವುದು. ಅಕ್ಕ ಈಗ ಮಾಡುತ್ತಿರುವುದು ಇದನ್ನೇ. ಅವನಿಗೆ ವ್ಯತ್ಯಾಸ ಗೊತ್ತಾದ ಹಾಗಿಲ್ಲ.

ಅಂಗಡಿಯ ಟ್ರೀಟ್ ಪೂರ್ತಿ ಬಿಡಬೇಕಾ? ನಾನು ಬಿಟ್ಟಿಲ್ಲ. ದೂರದ ಪ್ರಯಾಣಕ್ಕೆ ಒಂದು ಪ್ಯಾಕೆಟ್ ಇರುತ್ತದೆ, ಕೆಡುವುದಿಲ್ಲ. ಕಿಡ್ನಿ, ಲಿವರ್ ತೊಂದರೆಗೆ ವೈದ್ಯರು ಬರೆದುಕೊಟ್ಟ ಆಹಾರದಲ್ಲಿರುವ ನಾಯಿಗೆ ಮನೆಯ ಪ್ರಯೋಗಗಳು ಬೇಡ, ಅವರು ಹೇಳಿದ್ದೇ ಕೊಡಿ. ಚಹಾ ಅಂಗಡಿ ಮುಂದೆ ನಾವೆಲ್ಲ ಬೀದಿ ನಾಯಿಗೆ ಹಾಕುವ ಗ್ಲೂಕೋಸ್ ಬಿಸ್ಕತ್ತು ಮಾತ್ರ ಬರೀ ಮೈದಾ, ಸಕ್ಕರೆ. ನಾನೀಗ ವಾಕಿಂಗ್ ಹೋಗುವಾಗ ಜೇಬಿನಲ್ಲಿ ರಾಗಿ ಚೂರು ಇಟ್ಟುಕೊಂಡಿರುತ್ತೇನೆ. ನಮ್ಮ ಬೀದಿಯ ಮೂರು ನಾಯಿಗಳಲ್ಲಿ ಎರಡು ತಿನ್ನುತ್ತವೆ, ಮೂರನೆಯದು ಮೂಸಿ ಬಿಸ್ಕತ್ತು ಎಲ್ಲಿ ಅಂತ ಮುಖ ನೋಡುತ್ತದೆ.

ಯಾವುದನ್ನೇ ಆರಿಸಿ, ಮೊದಲ ಸಲ ಅರ್ಧ ಅಳತೆ ಮಾಡಿ. ಮೊದಲ ದಿನ ಎರಡೇ ಚೂರು. ಮರುದಿನ ಬೆಳಿಗ್ಗೆ ವಾಕಿಂಗ್‌ನಲ್ಲಿ ಕಕ್ಕ ಗಟ್ಟಿಯಾಗಿದೆಯಾ, ಕಿವಿ ಕೆರೆದುಕೊಳ್ಳುತ್ತಿದೆಯಾ ನೋಡಿ. ಎರಡು ಮೂರು ದಿನ ಸರಿಯಿದ್ದರೆ ಉಳಿದರ್ಧ ಹಿಟ್ಟು ಕಲಸಿ.